ಮೂರು ಹಾಳೆಯ ಅಣ್ಣಾಸಾಹೇಬ

ಸೋನಾಬಾಯಿ ಕಂಪ್ಯೂಟರ್ ಕಲಿತದ್ದು ಇಲಿಗಳ ದೆಸೆಯಿಂದ.

ಚಿಕ್ಕೋಡಿಯಲ್ಲಿ ಅವರನ್ನು ಅರಿಯದ ಜೈನ ಮನೆ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಮೂವತ್ತು ವರ್ಷ ಅವರು ಮಾಡಿಕೊಂಡು ಬಂದದ್ದು ಒಂದೇ ಕೆಲಸ, ಲಗ್ನ ಕೂಡಿಸುವುದು. ಕಾಗವಾಡದಿಂದ ನಿಪ್ಪಾಣಿಯ ತನಕ ಯಾರ ಮಗಳು ಲಗ್ನಕ್ಕೆ ಬಂದಿದ್ದಾಳೆ, ಯಾರ ಮಗ ಓದು ಮುಗಿಸಿ ಹೊಲಕ್ಕೆ ಮರಳಿದ್ದಾನೆ ಎಲ್ಲ ಅವರಿಗೆ ಗೊತ್ತು. ಇದಕ್ಕೆ ಅವರು ತೆಗೆದುಕೊಳ್ಳುತ್ತಿದ್ದುದು ಒಂದು ಇಳಕಲ್ ಸೀರೆ, ಮತ್ತು ಲಗ್ನದ ದಿನ ಮೊದಲ ಪಂಕ್ತಿಯಲ್ಲಿ ಊಟ. ಹುಡುಗ ಹುಡುಗಿಯರ ಮಾಹಿತಿ ಬರೆದ ಹಾಳೆಗಳನ್ನು ಒಂದು ತಗಡಿನ ಟ್ರಂಕಿನಲ್ಲಿ ತುಂಬಿ ಮಂಚದ ಕೆಳಗೆ ಇಟ್ಟಿದ್ದರು. ೧೯೯೧ರ ಮಳೆಗಾಲದಲ್ಲಿ ಒಂದು ದಿನ ಟ್ರಂಕು ತೆರೆದು ನೋಡಿದರೆ, ತಳದಲ್ಲಿ ತುಕ್ಕು ಹಿಡಿದು ತೂತು ಬಿದ್ದಿತ್ತು. ಇಲಿಗಳು ಅಥಣಿ ತಾಲೂಕಿನ ಅರ್ಧ ವಧುಗಳನ್ನು ತಿಂದು ಮುಗಿಸಿ ವರಗಳಿಗೆ ಬಾಯಿ ಹಾಕಿದ್ದವು.

ಉಳಿದ ಹಾಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಸೋನಾಬಾಯಿ ನೆಟ್ಟಗೆ ತಂಗಿಯ ಮಗ ಭಾವುಸಾಹೇಬನ ಹತ್ತಿರ ಹೋದರು. ಬಸ್ ಸ್ಟ್ಯಾಂಡಿನ ಎದುರು, ಸೈಕಲ್ ಅಂಗಡಿಯ ಮೇಲಿನ ಅಟ್ಟದ ಕೋಣೆಯಲ್ಲಿ ಅವನು ಕಂಪ್ಯೂಟರ್ ಕ್ಲಾಸು ಇಟ್ಟಿದ್ದ. ಇದ್ದದ್ದು ಒಂದೇ ಯಂತ್ರ. ಕಲಿಯಲು ಬರುತ್ತಿದ್ದವರು ಮೂವರು, ಅದರಲ್ಲಿ ಇಬ್ಬರು ಫ್ಯಾನಿನ ಗಾಳಿಗಾಗಿ ಬರುತ್ತಿದ್ದರು. ಒಳಗೆ ಹೋಗಬೇಕಾದರೆ ಚಪ್ಪಲಿ ಹೊರಗೆ ಬಿಡಬೇಕು, ಅದಕ್ಕೇ ಸೋನಾಬಾಯಿಗೆ ಆ ಕೋಣೆಯ ಮೇಲೆ ಮೊದಲಿಂದಲೂ ಗೌರವ.

"ಭಾವ್ಯಾ, ಇದರಾಗ ಇಲಿ ಹೋಗ್ತಾವೇನು?" ಎಂದು ಕೇಳಿದರು.

"ಇಲ್ಲ ಮಾವಶಿ. ಎಲ್ಲಾ ಕಡೆ ಬಂದ್ ಐತಿ."

"ಹಂಗಾರ ನನ್ನ ಹುಡುಗೋರ್ನೆಲ್ಲಾ ಇದರಾಗ ಹಾಕು."

ಭಾವುಸಾಹೇಬನಿಗೂ ಕೈತುಂಬ ಕೆಲಸ ಇರಲಿಲ್ಲ. ಒಂದು ತಿಂಗಳು ಕುಳಿತು ಎಲ್ಲ ಹಾಳೆಗಳನ್ನು ಯಂತ್ರಕ್ಕೆ ಹಾಕಿದ. ಆ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ, ಮರಾಠಿಯೂ ಬರುತ್ತಿರಲಿಲ್ಲ, ಹಾಗಾಗಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದ. ಹಾಳೆಗಳನ್ನು ಸೋನಾಬಾಯಿ ಮರಳಿ ಒಯ್ದರು. ಯಂತ್ರದೊಳಗೆ ಎಲ್ಲ ಇದೆಯಲ್ಲ ಎಂದು ದಿನಕ್ಕೊಂದು ಮುಷ್ಟಿಯಂತೆ ಬಚ್ಚಲ ಒಲೆಗೆ ಹಾಕಿ ನೀರು ಕಾಯಿಸಿ ಮುಗಿಸಿದರು.

ಮೊದಲ ತಕರಾರು ಬಂದದ್ದು ಹೆಸರುಗಳ ಬಗ್ಗೆ. ಒಬ್ಬೊಬ್ಬರದು ಒಂದೊಂದು ಫೈಲು, ಆದರೆ ಫೈಲಿನ ಹೆಸರು ಎಂಟು ಅಕ್ಷರಕ್ಕಿಂತ ಹೆಚ್ಚು ಇರುವಂತಿಲ್ಲ. ಪದ್ಮಾವತಿಗೆ ಇಂಗ್ಲಿಷಿನಲ್ಲಿ ಒಂಬತ್ತು ಅಕ್ಷರ. ಭಾವುಸಾಹೇಬ ಕೊನೆಯದನ್ನು ಕತ್ತರಿಸಿ PADMAVAT ಎಂದು ಮಾಡಿದ್ದ.

"ಪದ್ಮಾವತ್ ಅಂದ್ರ ಹುಡುಗಿಗೆ ಏನೋ ಕಡಿಮಿ ಐತಿ ಅಂದಂಗ ಆತು. ಬೀಗರು ಏನಂದಾರು?"

"ಬೀಗರು ಇದನ್ನ ನೋಡೂದಿಲ್ಲ ಮಾವಶಿ. ಇದು ಒಳಗಿನ ಹೆಸರು."

ಹೆಸರಿನ ಮುಂದೆ ಒಂದು ಚುಕ್ಕಿ, ಚುಕ್ಕಿಯ ಮುಂದೆ ಹುಡುಗಿಯಾದರೆ VDU, ಹುಡುಗನಾದರೆ VAR. ಅದು ವಧು, ಇದು ವರ. ಇದು ಮಾತ್ರ ಸೋನಾಬಾಯಿಗೆ ಭಾಳ ಹಿಡಿಸಿತು. ಸಾವಿರ ಫೈಲಿನ ನಡುವೆ ನಿಂತರೂ ಗಂಡೋ ಹೆಣ್ಣೋ ಬಾಲ ನೋಡಿದರೆ ತಿಳಿಯುತ್ತದೆ ಎಂದರು.

ಆಮೇಲೆ ಅವರಿಗೆ ತಾವೇ ಕಲಿಯಬೇಕೆಂಬ ಹಟ ಹತ್ತಿತು. ಪ್ರತಿ ಹುಡುಗನನ್ನು ನೋಡಲು ಭಾವುಸಾಹೇಬನನ್ನು ಕಾಯುವುದು ಅವರಿಗೆ ಸರಿಬರಲಿಲ್ಲ. ವಯಸ್ಸು ಅರವತ್ತೆರಡು, ಶಾಲೆ ಮರಾಠಿ ನಾಲ್ಕನೇ ಇಯತ್ತೆ. ಇಂಗ್ಲಿಷ್ ಅಕ್ಷರಗಳನ್ನು ಎರಡೇ ವಾರದಲ್ಲಿ ಕಲಿತರು. ಓದಿ ಅರ್ಥ ಮಾಡಿಕೊಳ್ಳಲು ಬರುತ್ತಿರಲಿಲ್ಲ, ಅಕ್ಷರಗಳನ್ನು ಗುರುತಿಸುವುದು ಬರುತ್ತಿತ್ತು. ಅವರಿಗೆ ಅಷ್ಟು ಸಾಕಾಯಿತು.

ಕಪ್ಪು ಪರದೆಯ ಮೇಲೆ ಹಸಿರು ಬಣ್ಣದಲ್ಲಿ ಮೊದಲು ಮೂಡುತ್ತಿದ್ದುದು C ಅಕ್ಷರ. ಅದು ಚಿಕ್ಕೋಡಿ ಎಂದು ಅವರು ತಿಳಿದರು. ಫ್ಲಾಪಿ ಹಾಕಿದರೆ A ಬರುತ್ತಿತ್ತು, ಅದು ಅಥಣಿ. "ಬೆಳಗಾಂವಿ ಯಾಕ ಇಲ್ಲ?" ಎಂದು ಒಮ್ಮೆ ಕೇಳಿದರು. B ಎಂಬ ಇನ್ನೊಂದು ಫ್ಲಾಪಿ ಹಾಕಲು ತನ್ನ ಯಂತ್ರದಲ್ಲಿ ಜಾಗ ಇಲ್ಲವೆಂದು ಭಾವುಸಾಹೇಬ ಹೇಳಿದ. ಒಳಗೆ ಯಾರ್‍ಯಾರು ಇದ್ದಾರೆ ಎಂದು ನೋಡಬೇಕಾದರೆ D, I, R ಎಂದು ಒತ್ತಬೇಕು. ಸೋನಾಬಾಯಿ ಕೂಡಿಸಿ ಓದಿ "ದೀರ" ಎಂದರು. ಮರಾಠಿಯಲ್ಲಿ ದೀರ ಎಂದರೆ ಮೈದುನ. ಊರಿನಲ್ಲಿ ಯಾರು ಎಲ್ಲಿದ್ದಾರೆ ಎಂದು ಮೈದುನನನ್ನು ಕೇಳದೆ ಇನ್ನಾರನ್ನು ಕೇಳುವುದು? ಅವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನಕ್ಷತ್ರದ ಗುರುತು ಹಾಕಿ ಚುಕ್ಕಿ ಇಟ್ಟು VAR ಎಂದರೆ ಎಲ್ಲ ವರಗಳೂ ಸಾಲಾಗಿ ಬರುತ್ತಿದ್ದರು. "ಯಾವ ನಕ್ಷತ್ರ ಆದ್ರೂ ನಡೀತೈತಿ ಅಂತ ಅರ್ಥ, ಹೌದಲ್ಲೋ?" ಎಂದು ಕೇಳಿದಾಗ ಭಾವುಸಾಹೇಬ ಯೋಚಿಸಿ ನೋಡಿ ಹೌದು ಅಂದ. ನಿಜಕ್ಕೂ ಅರ್ಥ ಅದೇ ಇತ್ತು.

ತಪ್ಪು ಒತ್ತಿದಾಗ ಪರದೆಯ ಮೇಲೆ ಒಂದು ಸಾಲು ಬರುತ್ತಿತ್ತು.

"ಏನ ಅಂತೈತಿ ಇದು?"

"ಬ್ಯಾಡ್ ಕಮಾಂಡ್ ಅಂತೈತಿ ಮಾವಶಿ."

"ಬ್ಯಾಡ ಅಂದ್ರ ಬ್ಯಾಡ ಬಿಡು. ಒತ್ತಾಯ ಮಾಡಿ ಯಾವ ಲಗ್ನಾನೂ ಮಾಡಬಾರದು," ಎಂದು ಬೇರೆ ಏನಾದರೂ ಒತ್ತುತ್ತಿದ್ದರು.

ಒಂದು ತಪ್ಪು ತಿಳಿವಳಿಕೆ ಮಾತ್ರ ಅವರ ತಲೆಯಲ್ಲಿ ಉಳಿದುಬಿಟ್ಟಿತು. ದೀರನನ್ನು ಕೇಳಿದಾಗ ಪ್ರತಿ ಹೆಸರಿನ ಪಕ್ಕದಲ್ಲಿ ಒಂದು ಅಂಕಿ ಬರುತ್ತಿತ್ತು. ಅದು ಫೈಲು ಎಷ್ಟು ದೊಡ್ಡದು ಎಂದು ತಿಳಿಸುವ ಅಂಕಿ. ಸೋನಾಬಾಯಿ ಅದನ್ನು ಹುಡುಗನ ತೂಕ ಎಂದುಕೊಂಡರು. ಮೈತೂಕವಲ್ಲ, ಮನೆತನದ ತೂಕ. ಯಂತ್ರ ಎಲ್ಲವನ್ನೂ ತೂಗಿ ನೋಡಿ ಅಂಕಿ ಹಾಕುತ್ತದೆ, ಅಂಕಿ ದೊಡ್ಡದಿದ್ದಷ್ಟೂ ಹುಡುಗ ಚಲೋ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ಹಾಗಾಗಿ ಯಾರೂ ತಿದ್ದಲಿಲ್ಲ.

ಮಾರ್ಗಶಿರದ ಒಂದು ಮಧ್ಯಾಹ್ನ ಭಾವುಸಾಹೇಬ ಊಟಕ್ಕೆ ಹೋಗಿದ್ದ. ಸೋನಾಬಾಯಿ ಒಬ್ಬರೇ ಕುಳಿತು ವರಗಳ ಯಾದಿ ನೋಡುತ್ತಿದ್ದರು. ನಡುವೆ ಮೂರು ಹೆಸರು ಒಂದರ ಕೆಳಗೊಂದು ಕಂಡವು: ANNASAH1, ANNASAH2, ANNASAH3.

ಇಲ್ಲಿ ಒಂದು ಮಾತು ಹೇಳಬೇಕು. ಆ ಕಡೆ ಎರಡು ಮನೆಗೊಬ್ಬ ಅಣ್ಣಾಸಾಹೇಬ, ಅಪ್ಪಾಸಾಹೇಬ, ಬಾಪುಸಾಹೇಬ ಇದ್ದೇ ಇರುತ್ತಾನೆ. ಹಾಗಾಗಿ ಸೋನಾಬಾಯಿ ಯಾವ ಹುಡುಗನನ್ನೂ ಹೆಸರಿನಿಂದ ನೆನಪಿಡುತ್ತಿರಲಿಲ್ಲ. ಅವರ ತಲೆಯಲ್ಲಿ ಇದ್ದವರು ಕಾಗವಾಡದ ದ್ರಾಕ್ಷಿ ತೋಟದ ಹುಡುಗ, ನಿಪ್ಪಾಣಿಯ ವಕೀಲ, ರಾಯಬಾಗದ ಬಾವಿ ಮನೆಯ ಕಿರಿಯ ಮಗ. ಆ ಮೂವರ ಹೆಸರೂ ಅಣ್ಣಾಸಾಹೇಬ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಭಾವ್ಯಾ ನಿದ್ದೆಗಣ್ಣಿನಲ್ಲಿ ಒಬ್ಬನನ್ನೇ ಮೂರು ಸಲ ಬರೆದಿದ್ದಾನೆ ಎಂದುಕೊಂಡರು.

ಒಂದೇ ಪಾತ್ರೆ ಮೂರು ಕಡೆ ಬಿದ್ದಿದ್ದರೆ ಅವರಿಗೆ ನೋಡಲಾಗುವುದಿಲ್ಲ. ಒಂದು ಕಡೆ ಕೂಡಿಸಿಡಬೇಕು ಎನ್ನಿಸಿತು. ಕೊನೆಯ ಅಕ್ಷರ ಏನಾದರೂ ಇರಲಿ ಎನ್ನಬೇಕಾದಲ್ಲಿ ಪ್ರಶ್ನೆ ಚಿಹ್ನೆ ಹಾಕಬೇಕೆಂದು ಭಾವುಸಾಹೇಬ ಕಲಿಸಿದ್ದ. ಒಂದೊಂದೇ ಅಕ್ಷರ ಹುಡುಕಿ ಒತ್ತಿದರು:

COPY ANNASAH?.VAR ANNA.VAR

ಯಂತ್ರ ಮೂರು ಹೆಸರು ತೋರಿಸಿ, ಕೆಳಗೆ 1 ಎಂದು ಬರೆಯಿತು. ಮೂರು ಇದ್ದದ್ದು ಒಂದಾಯಿತು. ಸೋನಾಬಾಯಿಗೆ ಸಮಾಧಾನವಾಯಿತು. ಆಮೇಲೆ ಹಳೆಯ ಮೂರನ್ನೂ DEL ಎಂದು ಒತ್ತಿ ಅಳಿಸಿದರು. ಯಂತ್ರ ಬ್ಯಾಡ ಅನ್ನಲಿಲ್ಲ, ಯಾಕೆ ಎಂದೂ ಕೇಳಲಿಲ್ಲ.

ಮೂರು ಫೈಲನ್ನು ಒಂದು ಹೆಸರಿಗೆ ನಕಲು ಮಾಡು ಎಂದರೆ ಆ ಯಂತ್ರ ಮೂರನ್ನೂ ತುದಿಗೆ ತುದಿ ಹೊಲಿದು ಒಂದು ಮಾಡುತ್ತದೆ. ಅದು ಸೋನಾಬಾಯಿಗೆ ಗೊತ್ತಿರಲಿಲ್ಲ. ಭಾವುಸಾಹೇಬನಿಗೆ ಗೊತ್ತಿತ್ತು, ಅವನು ಮನೆಯಲ್ಲಿ ಕೈ ತೊಳೆಯುತ್ತಿದ್ದ.

ಮರುವಾರವೇ ಸತ್ತಿಯಿಂದ ಭೀಮಗೊಂಡರು ಬಂದರು. ಕೃಷ್ಣೆಯ ದಂಡೆಯ ಮೇಲೆ ಕಬ್ಬಿನ ಹೊಲ ಇದ್ದವರು, ದೊಡ್ಡ ಮೀಸೆಯವರು, ಯಾವುದನ್ನೂ ಅರ್ಧ ಮಾಡುವವರಲ್ಲ. ಅವರ ಒಬ್ಬಳೇ ಮಗಳು ತ್ರಿಶಲಾ ಅಥಣಿಯಲ್ಲಿ ಬಿ.ಎ. ಮುಗಿಸಿದ್ದಳು. ಎರಡು ವರ್ಷದಲ್ಲಿ ಹನ್ನೊಂದು ಗಂಡುಗಳ ಮುಂದೆ ಚಹಾದ ತಾಟು ಹಿಡಿದು ಬಂದು ಹೋಗಿದ್ದಳು. ಕೆಲವರನ್ನು ಅವಳು ಬೇಡ ಅಂದಿದ್ದಳು, ಕೆಲವರನ್ನು ಅಪ್ಪ ಬೇಡ ಅಂದಿದ್ದರು.

"ಬಾಯಾರ, ನಿಮ್ಮ ಕಡೆ ಇದ್ದವರಾಗ ಎಲ್ಲಾರಕಿಂತ ಚಲೋ ಹುಡುಗ ಯಾರ ಅದಾನ, ಅವನ್ನ ಕೊಡ್ರಿ. ಅವನ ಕೆಳಗಿನಾಂವ ಬ್ಯಾಡ್ರಿ," ಅಂದರು ಭೀಮಗೊಂಡರು.

ಸೋನಾಬಾಯಿ ದೀರನನ್ನು ಕೇಳಿದರು. ಎಲ್ಲ ವರಗಳ ಅಂಕಿಗಳ ಮೇಲೆ ಬೆರಳು ಆಡಿಸುತ್ತ ಹೋದರು. ಉಳಿದವರೆಲ್ಲ ಏಳುನೂರು, ಎಂಟುನೂರು ಇದ್ದರೆ ಒಬ್ಬ ಮಾತ್ರ ಎರಡು ಸಾವಿರದ ಮುನ್ನೂರು ಇದ್ದ. ANNA.VAR.

"ಇಂವಾ ನೋಡ್ರಿ. ಇವನ ಮುಂದ ಮಿಕ್ಕವರೆಲ್ಲಾ ಮೂರಾಣಿ," ಎಂದರು.

ಭಾವುಸಾಹೇಬ ಕೆಳಗೆ ಸೈಕಲ್ ಅಂಗಡಿಯವನೊಂದಿಗೆ ಮಾತಾಡುತ್ತಿದ್ದ. ಸೋನಾಬಾಯಿಯೇ ಪ್ರಿಂಟರ್ ಚಾಲೂ ಮಾಡಿದರು. ಅದು ಕರಕರ ಎಂದು ಹಾಳೆ ಉಗುಳತೊಡಗಿತು. ಸಾಮಾನ್ಯವಾಗಿ ಒಬ್ಬ ಹುಡುಗ ಒಂದು ಹಾಳೆಗೆ ಮುಗಿಯುತ್ತಿದ್ದ. ಇವನು ಒಂದು ಮುಗಿದು ಎರಡನೆಯದಕ್ಕೆ ಹೋದ, ಎರಡು ಮುಗಿದು ಮೂರಕ್ಕೆ ಹೋದ. ಭೀಮಗೊಂಡರ ಕಣ್ಣು ಅಗಲವಾದವು. ಮೂರು ಹಾಳೆಯ ಹುಡುಗನನ್ನು ಅವರು ಕೇಳಿಯೂ ಇರಲಿಲ್ಲ. ಮಡಚಿದರೆ ಎಲ್ಲಿ ಮುರಿಯುತ್ತಾನೋ ಎಂದು ಹಾಳೆಗಳನ್ನು ಸುರುಳಿ ಸುತ್ತಿ ಟೊಪ್ಪಿಗೆಯೊಳಗೆ ಇಟ್ಟುಕೊಂಡು ಬಸ್ಸು ಹತ್ತಿದರು.

ಭೀಮಗೊಂಡರಿಗೆ ಇಂಗ್ಲಿಷ್ ಬಾರದು. ಸತ್ತಿಯಲ್ಲಿ ಅದನ್ನು ಓದಿ ಹೇಳಿದವರು ಸತ್ಯಪ್ಪ ಮಾಸ್ತರರು. ನಿವೃತ್ತ ಶಿಕ್ಷಕರು. ತಿಳಿಯದ್ದನ್ನು ತಿಳಿಯದು ಎನ್ನುವ ಅಭ್ಯಾಸ ಅವರಿಗೆ ನೌಕರಿಯಲ್ಲಿದ್ದಾಗಲೂ ಇರಲಿಲ್ಲ. ಪಡಸಾಲೆಯಲ್ಲಿ ಭೀಮಗೊಂಡರು, ಅವರ ತಾಯಿ ಗಂಗೂಬಾಯಿ, ಬಾಗಿಲ ಮರೆಯಲ್ಲಿ ತ್ರಿಶಲಾ. ಮಾಸ್ತರರು ಕನ್ನಡಕ ಏರಿಸಿ ಓದಿದರು.

"ಹುಟ್ಟಿದ ತಾರೀಖು ಮೂರು ಅದಾವ."

"ಮೂರು?"

"ಒಂದು ಖರೇ ಹುಟ್ಟಿದ್ದು, ಒಂದು ಸಾಲಿಯಾಗ ಬರಸಿದ್ದು, ಒಂದು ಜಾತಕದ್ದು. ನಿಮಗೂ ಎರಡು ಇಲ್ಲೇನ್ರಿ ಗೌಡ್ರ?" ಭೀಮಗೊಂಡರಿಗೆ ಎರಡು ಇದ್ದವು. "ತಂದಿ ಹೆಸರು ದೇವಗೊಂಡ. ಎರಡನೇ ಹಾಳ್ಯಾಗ ನೇಮಗೊಂಡ, ಮೂರನೇದರಾಗ ಜಿನಗೊಂಡ. ಅಂದ್ರ ಅಪ್ಪ, ಅಜ್ಜ, ಮುತ್ತಜ್ಜ. ಮನೆತನ ಹೆಂಗ ಬರದಾರ ನೋಡ್ರಿ. ಎತ್ತರ ಐದು ಫೂಟು ಆರು ಇಂಚು. ಮುಂದಿನ ಹಾಳ್ಯಾಗ ಐದು ಒಂಬತ್ತು. ಅದರ ಮುಂದ ಐದು ಹನ್ನೊಂದು."

"ಹಾಳಿ ಹಾಳಿಗೆ ಬೆಳದಾನಲ್ರಿ!"

"ಬೆಳಿಯೋ ಹುಡುಗ," ಎಂದು ಮಾಸ್ತರರು ಒಪ್ಪಿದರು. "ಕಾಗವಾಡದಾಗ ಆರು ಎಕರೆ ದ್ರಾಕ್ಷಿ. ನಿಪ್ಪಾಣಿಯಾಗ ವಕೀಲಿ. ರಾಯಬಾಗದಾಗ ಕಬ್ಬು, ಬಾವಿ, ಎರಡು ಎಮ್ಮಿ. ಬಿ.ಕಾಂ., ಎಲ್‌ಎಲ್‌ಬಿ, ಬಿ.ಎಸ್‌ಸಿ. ಅಗ್ರಿ."

ಗಂಗೂಬಾಯಿ ಅಷ್ಟೂ ಹೊತ್ತು ಸುಮ್ಮನೆ ಕೇಳಿಸಿಕೊಂಡಿದ್ದವರು, "ಈ ಮನಷ್ಯಾ ನಿದ್ದಿ ಯಾವಾಗ ಮಾಡ್ತಾನೋ?" ಅಂದರು.

ಒಳಗಿನಿಂದ ಕಿಸಕ್ ಎಂದು ನಕ್ಕ ಸದ್ದು ಬಂತು. ಯಾರೂ ಗಮನಿಸಲಿಲ್ಲ.

ಹಾಳೆಯಲ್ಲಿ ವಿಳಾಸಗಳೂ ಮೂರು ಇದ್ದವು. ಹುಡುಗ ಎಲ್ಲಿರುತ್ತಾನೋ, ತೋಟದಲ್ಲೋ, ಕೋರ್ಟಿನಲ್ಲೋ, ಬಾವಿಯ ಹತ್ತಿರವೋ ಎಂದು ಭೀಮಗೊಂಡರು ಮೂರು ಊರಿಗೂ ಒಂದೊಂದು ಕಾರ್ಡು ಬರೆದರು. "ಬರುವ ರವಿವಾರ ಕನ್ಯಾ ನೋಡಲು ಬರಬೇಕು. ನಮ್ಮ ಮನೆಯಲ್ಲಿಯೇ ಊಟ." ಕಾರ್ಡು ಹಾಕಿ, ಒಂದು ಮಾತು ತಿಳಿಸಿ ಬರೋಣ ಎಂದು ಶನಿವಾರ ಸಂತೆಯ ನೆಪದಲ್ಲಿ ಚಿಕ್ಕೋಡಿಗೆ ಹೋದರು.

"ಬಾಯಾರ, ಹುಡುಗ ಭಾರಿ ಅದಾನ. ತೋಟಾನೂ ಮಾಡ್ತಾನ, ವಕೀಲೀನೂ ಮಾಡ್ತಾನ. ನಾಳೆ ಬರೂದಕ್ಕ ಕಾರ್ಡು ಹಾಕೇನಿ."

ಸೋನಾಬಾಯಿಗೆ ಅಂಥ ಒಬ್ಬ ಹುಡುಗ ನೆನಪಾಗಲಿಲ್ಲ. ಆದರೆ ಲಗ್ನ ಕೂಡಿಸುವವರು ನನಗೆ ಗೊತ್ತಿಲ್ಲ ಅಂದರೆ ಅಲ್ಲಿಗೆ ಮುಗಿಯಿತು. "ಹೌದ್ರಿ, ಭಾಳ ಚಲೋ ಹುಡುಗ," ಅಂದರು. ಭೀಮಗೊಂಡರು ಹೋದ ಮೇಲೆ ಏದುಸಿರು ಬಿಡುತ್ತ ಅಟ್ಟ ಹತ್ತಿದರು.

"ಭಾವ್ಯಾ, ಅಣ್ಣಾಸಾಹೇಬನ್ನ ತಗದು ಓದು. ಕನ್ನಡದಾಗ ಹೇಳು."

ಭಾವುಸಾಹೇಬ TYPE ಎಂದು ಒತ್ತಿದ. ಹಸಿರು ಸಾಲುಗಳು ಸರಸರ ಏರಿ ಮಾಯವಾದವು. ಮತ್ತೆ ಒತ್ತಿ, ನಡುನಡುವೆ ತಡೆದು ನಿಲ್ಲಿಸಿ ಓದಿದ. ಮೊದಲ ಹಾಳೆ ಮುಗಿಯುವಷ್ಟರಲ್ಲಿ ಸೋನಾಬಾಯಿ "ಇಂವಾ ಕಾಗವಾಡದ ದ್ರಾಕ್ಷಿ ಹುಡುಗ" ಎಂದರು. ಎರಡನೆಯದಕ್ಕೆ, "ಇಂವಾ ವಕೀಲ ಅಲ್ಲೇನೋ?" ಮೂರನೆಯದು ಬಂದಾಗ ಬಾಯಿಯ ಮೇಲೆ ಸೆರಗು ಬಂತು.

"ಮಾವಶಿ, ಇವರು ಮೂರು ಮಂದಿ. ನಾ ಮೂರು ಬ್ಯಾರೆ ಬ್ಯಾರೆ ಇಟ್ಟಿದ್ದೆ. ಎಲ್ಲಿ ಹ್ವಾದ್ವು ಅವು?"

"ನಾ ಕೂಡಿಸಿದೆ."

"ಹಳೇವು?"

"ಅಳಿಸಿದೆ."

"ಕಾಗದ?"

"ನೀರು ಕಾಸಿದೆ."

ಭಾವುಸಾಹೇಬ ಕುರ್ಚಿಗೆ ಒರಗಿ ಫ್ಯಾನು ನೋಡಿದ. ಒಬ್ಬಳೇ ಕನ್ಯೆಗೆ ಮೂರು ವರ ಕರೆಸಿದ ಅಪಕೀರ್ತಿ ಮೂವತ್ತು ವರ್ಷದಲ್ಲಿ ತಮಗೆ ಬಂದಿರಲಿಲ್ಲ ಎಂದು ಸೋನಾಬಾಯಿ ಕಣ್ಣು ಒರೆಸಿಕೊಂಡರು. ಆಮೇಲೆ ಮೂಗೂ ಒರೆಸಿಕೊಂಡು, ನಾಳೆ ಮೊದಲ ಬಸ್ಸಿಗೆ ಹೋಗಿ ಭೀಮಗೊಂಡರ ಕಾಲು ಹಿಡಿದಾದರೂ ತಡೆಯುತ್ತೇನೆ ಎಂದರು. "ಆ ಮೂರು ಹಾಳಿ ಮತ್ತ ಛಾಪಿಸಿ ಕೊಡು, ಪೆನ್ಸಿಲ್ಲೂ ಕೊಡು."

ಮೊದಲ ಬಸ್ಸು ಬರಲೇ ಇಲ್ಲ. ಎರಡನೆಯದು ಅಥಣಿ ಮುಟ್ಟುವಷ್ಟರಲ್ಲಿ ಸತ್ತಿಯ ಬಸ್ಸು ಹೋಗಿತ್ತು. ಕೊನೆಗೆ ಕಬ್ಬಿನ ಟ್ರ್ಯಾಕ್ಟರಿನ ಚಾಲಕನ ಪಕ್ಕದ ಮಡ್‌ಗಾರ್ಡಿನ ಮೇಲೆ, ಒಂದು ಕೈಯಲ್ಲಿ ಸೆರಗು ಇನ್ನೊಂದರಲ್ಲಿ ಮೂರು ಹಾಳೆ ಹಿಡಿದು, ಸೋನಾಬಾಯಿ ಸತ್ತಿ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ.

ಪಡಸಾಲೆಯ ಜಮಖಾನದ ಮೇಲೆ ಮೂವರು ಕುಳಿತಿದ್ದರು.

ಮೊದಲು ಬಂದವನು ಕಾಗವಾಡದವನು. ಭೀಮಗೊಂಡರು ಅವನನ್ನು ಅಪ್ಪಿಕೊಂಡು ಒಳಗೆ ಕರೆದಿದ್ದರು. ಆಮೇಲೆ ಕರಿ ಕೋಟಿನ ವಕೀಲ ಬಂದ. ಹುಡುಗನ ಅಣ್ಣನಿರಬೇಕು ಎಂದು ಅವನಿಗೂ ಉಪಚಾರ ಮಾಡಿದರು. ಮೂರನೆಯವನು ರಾಯಬಾಗದಿಂದ ಮೋಟಾರ್ ಸೈಕಲ್ಲಿನಲ್ಲಿ ಬಂದು ಇಳಿದಾಗ, ಗೆಳೆಯನಿರಬೇಕು ಎಂದುಕೊಂಡರು. ಶಿರಾದ ಬಶಿ ಎಲ್ಲರ ಕೈಗೂ ಹೋಗಿತ್ತು. ಈಗ ಭೀಮಗೊಂಡರು ಪ್ರೀತಿಯಿಂದ, "ಅಣ್ಣಾಸಾಹೇಬ್ರ, ಇನ್ನೊಂದೀಟು ಶಿರಾ ತಗೋರಿ," ಅಂದರು.

"ಸಾಕ್ರಿ," ಅಂದರು ಮೂವರೂ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ಹೊತ್ತಿಗೆ ಸರಿಯಾಗಿ ಸೋನಾಬಾಯಿ ಹೊಸ್ತಿಲು ದಾಟಿ ಒಳಗೆ ಬಂದು, ಕಾಲು ಕೂಡ ತೊಳೆಯದೆ ಜಮಖಾನದ ಅಂಚಿಗೆ ಕುಸಿದರು.

"ತಪ್ಪು ನಂದ್ರಿ ಗೌಡ್ರ. ಮೂರೂ ಮಂದಿ ಬ್ಯಾರೆ ಬ್ಯಾರೆ. ಮಷೀನಿನಾಗ ಇವರನ್ನ ನಾನ ಕೂಡಿಸಿ ಒಬ್ಬನ್ನ ಮಾಡೀನಿ."

ಭೀಮಗೊಂಡರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೀಸೆ ಕುಣಿಯಿತು. "ಅಂದ್ರ ನನ್ನ ಅಳಿಯಾ ಇಲ್ಲೇ ಇಲ್ಲೇನು?" ಎಂದರು. ಮನೆಯೊಳಗೊಂದು ಸಾವಾದಂತೆ ಇತ್ತು ಅವರ ದನಿ. ವಕೀಲ ಎದ್ದು ನಿಂತು ಇದು ಫಸವಣೂಕ, ಶುದ್ಧ ಮೋಸ ಅಂದ. ಕಾಗವಾಡದವನು ಶಿರಾದ ಬಶಿ ಕೆಳಗಿಡಬೇಕೋ ಬೇಡವೋ ಎಂದು ಕೈಯಲ್ಲೇ ಹಿಡಿದಿದ್ದ. ರಾಯಬಾಗದವನಿಗೆ ಮಾತ್ರ ನಗು ತಡೆಯಲಾಗುತ್ತಿರಲಿಲ್ಲ, ಕೆಮ್ಮಿದಂತೆ ಮಾಡುತ್ತಿದ್ದ.

ಆಗ ತ್ರಿಶಲಾ ಹೊರಗೆ ಬಂದಳು. ಕೈಯಲ್ಲಿ ಚಹಾದ ತಾಟು.

"ಕಾಕೂ, ಅಳಬ್ಯಾಡ್ರಿ. ನನಗ ಮೊದಲ ದಿವಸಾನ ಗೊತ್ತಿತ್ತು. ಮಾಸ್ತರ್ರು ಹ್ವಾದ ಮ್ಯಾಲೆ ನಾ ಓದಿ ನೋಡೇನಿ. ಮೂರು ಮಂದಿ ಅಪ್ಪಗೋಳು ಯಾರಿಗಿರ್ತಾರ್ರಿ?"

"ಗೊತ್ತಿದ್ದೂ ಯಾಕ ಹೇಳಲಿಲ್ಲವ್ವಾ?" ಅಂದರು ಭೀಮಗೊಂಡರು.

"ಅಪ್ಪಾ, ಹನ್ನೊಂದು ಸಲ ಈ ತಾಟು ಹಿಡಕೊಂಡು ಬಂದೀನಿ. ಇವರು ಒಬ್ಬೊಬ್ಬರ ಬಂದಿದ್ರ ಇನ್ನ ಮೂರು ಸಲ ಸೀರಿ ಉಟ್ಟು ಬರಬೇಕಿತ್ತು. ಒಂದ ಸಲಕ್ಕ ಮುಗೀಲಿ ಅಂತ ಸುಮ್ಮನಿದ್ದೆ."

ಗಂಗೂಬಾಯಿ ಮೊದಲು ನಕ್ಕರು. ಅವರ ಹಿಂದೆ ರಾಯಬಾಗದವನು ಕೆಮ್ಮುವುದನ್ನು ಬಿಟ್ಟು ನಕ್ಕ. ಕೊನೆಗೆ ವಕೀಲನೂ ಕುಳಿತುಕೊಂಡ.

ಬಂದವರನ್ನು ಊಟ ಹಾಕದೆ ಕಳಿಸುವಂತಿಲ್ಲ. ಜೈನರ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟವಾಗಬೇಕು, ಅದಕ್ಕೆ ಇನ್ನೂ ಎರಡು ತಾಸು ಇತ್ತು. ಸೋನಾಬಾಯಿ ಮೂರು ಹಾಳೆಯನ್ನೂ ಜಮಖಾನದ ಮೇಲೆ ಹರವಿ ಪೆನ್ಸಿಲ್ ತೆಗೆದರು. ಮಷೀನಿನಲ್ಲಿ ಮೂವರನ್ನೂ ಮತ್ತೆ ಬೇರೆ ಮಾಡಬೇಕಲ್ಲ, ನಿಮ್ಮ ನಿಮ್ಮದನ್ನು ನೀವೇ ಗುರುತಿಸಿಕೊಡಿ ಎಂದರು. ಹೀಗೆ ಅಣ್ಣಾಸಾಹೇಬನ ವಾಟಣಿ ಆರಂಭವಾಯಿತು. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವಾಗ ಪಂಚರು ಕೂಡುವಂತೆ ಭೀಮಗೊಂಡರು ನಡುವೆ ಕುಳಿತರು. ತ್ರಿಶಲಾ ಒಂದೊಂದೇ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದಳು.

ದ್ರಾಕ್ಷಿ ತೋಟ ಮತ್ತು ಬಿ.ಕಾಂ. ಕಾಗವಾಡಕ್ಕೆ ಹೋದವು. ಎಲ್‌ಎಲ್‌ಬಿ ನಿಪ್ಪಾಣಿಗೆ. ಕಬ್ಬು, ಎಮ್ಮೆ, ಅಗ್ರಿ ಡಿಗ್ರಿ ರಾಯಬಾಗಕ್ಕೆ. "ಸ್ವಭಾವ ಶಾಂತ" ಎಂಬುದು ಮೂರು ಕಡೆಯೂ ಇತ್ತು, ಅದಕ್ಕೆ ಜಗಳ ಬೀಳಲಿಲ್ಲ. ಜಗಳ ಬಿದ್ದದ್ದು ಎತ್ತರಕ್ಕೆ. ಐದು ಹನ್ನೊಂದು ತನ್ನದು ಎಂದ ವಕೀಲ. ಅದು ಮೂರನೇ ಹಾಳೆ, ಹಾಗಾಗಿ ನನ್ನದು ಎಂದ ರಾಯಬಾಗದವನು, ಅಷ್ಟೇನೂ ನಂಬಿಕೆ ಇಲ್ಲದೆ. ಕಾಗವಾಡದವನೂ ಸುಮ್ಮನಿರಲಿಲ್ಲ. ಭೀಮಗೊಂಡರು ಟೇಪು ತರಿಸಿದರು. ಮೂವರನ್ನೂ ಚೌಕಟ್ಟಿಗೆ ನಿಲ್ಲಿಸಿ ಗೆರೆ ಎಳೆದರು. ವಕೀಲ ಐದು ಆರು, ರಾಯಬಾಗದವನು ಐದು ಎಂಟು, ಕಾಗವಾಡದವನು ಐದು ಮೂರು. ಐದು ಹನ್ನೊಂದು ಯಾರಿಗೂ ದಕ್ಕಲಿಲ್ಲ.

"ಮೂರು ಮೂರು ಇಂಚು ನಾನ ಹಾಕ್ಸಿದ್ದೆ," ಅಂದರು ಸೋನಾಬಾಯಿ ಮೆಲ್ಲಗೆ. "ಎಲ್ಲಾರಿಗೂ ಹಾಕ್ಸ್ತೀನಿ."

"ಇನ್ನೊಂದು ಸಾಲು ಉಳಿದೈತಿ," ಅಂದಳು ತ್ರಿಶಲಾ. "ಹಾಳಿ ತುದಿ ಹರದು ತುಂಡಾಗೇತಿ, ಯಾರದಂತ ತಿಳಿವಲ್ದು. ಅಡಗಿ ಬರ್ತೈತಿ, ಜ್ವಾಳದ ರೊಟ್ಟಿ ವಿಶೇಷ ಅಂತ ಬರದಾರ."

ಮೂವರೂ ತಲೆ ತಗ್ಗಿಸಿದರು. ಐದು ಹನ್ನೊಂದಕ್ಕೆ ಮೂವರು ಇದ್ದರು, ರೊಟ್ಟಿಗೆ ಒಬ್ಬನೂ ಇಲ್ಲ.

"ಗಂಡಸರು ಯಾರರ ಹಂಗ ಬರಸ್ತಾರೇನು? ಮಷೀನಿನ ತಪ್ಪಿರಬೇಕು," ಅಂದ ವಕೀಲ.

"ಮಷೀನಿಗೆ ರೊಟ್ಟಿ ಏನು ಗೊತ್ತೋ ತಮ್ಮಾ," ಅಂದರು ಗಂಗೂಬಾಯಿ.

ರಾಯಬಾಗದವನು ಕಿವಿ ಕೆಂಪು ಮಾಡಿಕೊಂಡು ಕೈ ಎತ್ತಿದ. "ಅದು ನಂದ್ರಿ. ಕೊಲ್ಲಾಪುರದಾಗ ಕಲಿಯಾಕ ಇದ್ದಾಗ ಖಾನಾವಳಿ ರೊಟ್ಟಿ ನುಂಗಾಕ ಆಗ್ತಿರ್ಲಿಲ್ರಿ. ಕೋಲ್ಯಾಗ ಸ್ಟೋ ಇಟ್ಟು ನಾನ ಬಡೀತಿದ್ದೆ. ಬರ್ತೈತಿ ಅಂತ ಬರದೆ. ಬರೀಬಾರ್ದಿತ್ತೇನೋ."

"ಬರ್ತೈತಿ ಅಂದ್ರ ಮಾಡಿ ತೋರ್ಸು," ಎಂದು ಗಂಗೂಬಾಯಿ ಎದ್ದರು. "ಊಟಕ್ಕ ಹೆಂಗೂ ರೊಟ್ಟಿ ಆಗಬೇಕು."

ಒಬ್ಬನೇ ಯಾಕೆ ಹೋಗಬೇಕು ಎಂದು ಉಳಿದಿಬ್ಬರಿಗೂ ಈಗ ಹುರುಪು ಬಂತು. ಕೋರ್ಟಿನಲ್ಲಿ ಎದುರು ಪಾರ್ಟಿಗೆ ಸುಮ್ಮನೆ ಬಿಟ್ಟುಕೊಟ್ಟವನಲ್ಲ ನಾನು ಎಂದು ವಕೀಲ ಕೋಟು ಕಳಚಿದ. ಮೂವರು ಅಣ್ಣಾಸಾಹೇಬರೂ ಕೈ ತೊಳೆದು ಅಡುಗೆ ಮನೆಗೆ ಹೋದರು. ಬಾಗಿಲಲ್ಲಿ ಓಣಿಯ ಹೆಂಗಸರು ಕೂಡಿದರು.

ವಕೀಲನ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರುಕು. ಅಂಚು ಎಲ್ಲೆಂದರಲ್ಲಿ ಒಳಹೊರಗೆ ಹರಿದಾಡಿತ್ತು. "ಇದರದೂ ಗಡಿ ತಂಟೆ ಮುಗಿಯೂದಿಲ್ಲ ಬಿಡ್ರಿ," ಅಂದರು ಗಂಗೂಬಾಯಿ. ಕಾಗವಾಡದವನ ರೊಟ್ಟಿ ಹಂಚಿಗೆ ಹೋಗಲೇ ಇಲ್ಲ, ಕೈಗೆ ಅಂಟಿಕೊಂಡು ಅಲ್ಲೇ ಉಳಿಯಿತು. ರಾಯಬಾಗದವನು ಬಿಸಿನೀರು ಹಾಕಿ ಹಿಟ್ಟು ನಾದಿ, ತೋಳು ಮಡಚಿ ಕುಳಿತು ಬಡಿದ. ಟಪ್ ಟಪ್ ಎಂದು ಒಂದೇ ಲಯ. ಅಂಗೈಯಗಲ ಇದ್ದದ್ದು ತಾಟಿನಗಲ ಆಯಿತು. ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿ ಹಾಕಿದಾಗ ಅದು ಪುಗ್ಗೆಯಂತೆ ಉಬ್ಬಿತು. ಓಣಿಯ ಹೆಂಗಸರು ಓ ಅಂದರು. ಹುಡುಗ ಸಂಕೋಚದಿಂದ ಇನ್ನೊಂದು ಉಂಡೆ ಹಿಡಿದ. ಸಂಕೋಚ ಹೆಚ್ಚಾದಷ್ಟೂ ಬೇಗ ಬಡಿಯುತ್ತಿದ್ದ. ನೋಡುನೋಡುತ್ತಿದ್ದಂತೆ ಇಪ್ಪತ್ತೆರಡು ರೊಟ್ಟಿ ಆದವು.

ತ್ರಿಶಲಾ ಒಂದು ರೊಟ್ಟಿಯ ಅಂಚು ಮುರಿದು ಶೇಂಗಾ ಹಿಂಡಿ ಹಚ್ಚಿ ಬಾಯಿಗೆ ಹಾಕಿಕೊಂಡಳು. ನಿಂತಲ್ಲೇ ಪೂರ್ತಿ ತಿಂದು ಮುಗಿಸಿದಳು. ಆಮೇಲೆ ಅಜ್ಜಿಯ ಕಿವಿಯ ಹತ್ತಿರ ಬಗ್ಗಿ, "ಆಯಿ, ಮೂರನೇ ಹಾಳಿ ಇಟ್ಟುಕೊಳ್ರಿ. ಉಳಿದವನ್ನ ಕಾಕೂಗ ತಿರುಗಿ ಕೊಡ್ರಿ," ಅಂದಳು. ಮೆಲ್ಲಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಹುಡುಗನ ಕೈಯಲ್ಲಿದ್ದ ರೊಟ್ಟಿ ಅಂದು ಮೊದಲ ಸಲ ಹರಿಯಿತು.

ಭೀಮಗೊಂಡರಿಗೆ ಇನ್ನೂ ವಕೀಲನ ಆಸೆ ಪೂರ್ತಿ ಹೋಗಿರಲಿಲ್ಲ. ಹೊಲದ ಬದುವಿನ ಒಂದು ದಾವೆ ಹದಿನಾಲ್ಕು ವರ್ಷದಿಂದ ನಡೆದಿತ್ತು.

"ಅವರಿಗೆ ವಕಾಲತ್ ಪತ್ರ ಬರದು ಕೊಡ್ರಿ ಅಪ್ಪಾ," ಅಂದಳು ತ್ರಿಶಲಾ. "ಅದಕ್ಕ ಲಗ್ನಪತ್ರಿಕಿ ಯಾಕ ಬೇಕು?"

ವಕೀಲ ಊಟಕ್ಕೆ ಕೂಡುವ ಮೊದಲೇ ದಾವೆಯ ಕಾಗದ ತರಿಸಿ ನೋಡತೊಡಗಿದ. ಕಾಗವಾಡದವನು ರೊಟ್ಟಿ ಹಿಟ್ಟು ಕೈಯಿಂದ ಬಿಡಿಸಿಕೊಳ್ಳುತ್ತ, ಭೀಮಗೊಂಡರಿಗೆ ದ್ರಾಕ್ಷಿಯ ಕಡ್ಡಿ ಕೊಡುತ್ತೇನೆ, ಕಬ್ಬಿನ ಪಕ್ಕ ಹಚ್ಚಿ ನೋಡಿರಿ ಎಂದ. ಹೊತ್ತು ಮುಳುಗುವುದರೊಳಗೆ ಇಪ್ಪತ್ತೆರಡೂ ರೊಟ್ಟಿ ಖರ್ಚಾದವು. ಮೊದಲ ತಾಟು ಸೋನಾಬಾಯಿಗೆ ಹಾಕಿದರು.

ವೈಶಾಖದಲ್ಲಿ ಸತ್ತಿಯಲ್ಲಿ ಲಗ್ನವಾಯಿತು. ವಕೀಲ ಮುಂದೆ ಚಿಂಚಲಿಯ ಒಬ್ಬ ಶಿಕ್ಷಕಿಯನ್ನು ಮಾಡಿಕೊಂಡ, ಅದೂ ಸೋನಾಬಾಯಿಯ ಕೈಯಿಂದಲೇ. ಕಾಗವಾಡದವನದು ಮರುವರ್ಷ ಆಯಿತು. ಭೀಮಗೊಂಡರ ದಾವೆ ಇನ್ನೂ ನಡೆದಿದೆ ಎಂದು ಕೇಳಿದೆ. ದ್ರಾಕ್ಷಿ ಕಡ್ಡಿಗಳು ಕೃಷ್ಣೆಯ ದಂಡೆಯ ಎರೆ ಮಣ್ಣಿನಲ್ಲಿ ಒಂದು ಮಳೆಗೇ ಕೊಳೆತು ಹೋದವು.

ತ್ರಿಶಲಾ ರಾಯಬಾಗದ ಶಾಲೆಯಲ್ಲಿ ನೌಕರಿ ಹಿಡಿದಳು. ಬೆಳಿಗ್ಗೆ ಅವಳಿಗೆ ಹೊತ್ತಾಗುತ್ತದೆ ಎಂದು ರೊಟ್ಟಿ ಬಡಿಯುತ್ತಿದ್ದವನು ಅವಳ ಗಂಡ. ಅತ್ತೆ ಲಕ್ಷ್ಮಿಬಾಯಿಗೆ ಮಾತ್ರ ಓಣಿಯವರು ಏನಂದಾರೋ ಎಂಬ ಅಂಜಿಕೆ. ಅಡುಗೆ ಮನೆಯ ಕಿಟಕಿ ಮುಚ್ಚಿ, ಕೇಳಿದವರಿಗೆಲ್ಲ "ನಮ್ಮ ಸೊಸೀನ ಮಾಡ್ತಾಳ್ರಿ" ಎನ್ನುತ್ತಿದ್ದರು. ಆರು ತಿಂಗಳು ಇದು ನಡೆಯಿತು. ಒಂದು ಮುಂಜಾನೆ ಪಕ್ಕದ ಮನೆಯ ಸಾವಕ್ಕ ಮೊಸರಿಗೆ ಹೆಪ್ಪು ಕೇಳಲು ಬಂದಳು. ತ್ರಿಶಲಾ ಪಡಸಾಲೆಯಲ್ಲಿ ಕುಳಿತು ಮಕ್ಕಳ ಪೇಪರು ತಿದ್ದುತ್ತಿದ್ದಳು. ಒಳಗೆ ಟಪ್ ಟಪ್ ನಡೆದೇ ಇತ್ತು. ಸಾವಕ್ಕ ಒಮ್ಮೆ ಬಾಗಿಲ ಕಡೆ ನೋಡಿದಳು, ಒಮ್ಮೆ ಲಕ್ಷ್ಮಿಬಾಯಿಯ ಕಡೆ.

"ಹೊಸಾ ಸೊಸಿ ಭಾಳ ಜೋರಲೆ ಬಡೀತಾಳ್ರಿ," ಎಂದು ಹೆಪ್ಪು ತೆಗೆದುಕೊಂಡು ಹೋದಳು.

ಮರುದಿನದಿಂದ ಲಕ್ಷ್ಮಿಬಾಯಿ ಕಿಟಕಿ ಮುಚ್ಚುವುದನ್ನು ಬಿಟ್ಟರು. ಸೆಖೆ ಆಗುತ್ತಿತ್ತು ಎಂದು ಹೇಳಿದರು.